ಯಾರೂ ಕೂರದ ಜೀನು

ನೋವು ಇದ್ದದ್ದು ಎಡಸೊಂಟದಲ್ಲಿ. ಆದ್ದರಿಂದ ಭೀಮಸಿ ಬಸ್ಸಿನಲ್ಲಿ ಬಲಕ್ಕೆ ವಾಲಿಕೊಂಡು ಕೂತಿದ್ದ. ಬಲಕ್ಕೆ ವಾಲಿದರೆ ಪೂಜಾರಿ ಗುರಪ್ಪ ಕಾಕಾನ ಹೆಗಲು ತಾಗುತ್ತಿತ್ತು, ತಾಗಿದಾಗಲೆಲ್ಲ ಕಾಕಾ ತಿರುಗಿ ನೋಡುತ್ತಿದ್ದ, ನೋಡಿದಾಗಲೆಲ್ಲ ಭೀಮಸಿ ಕಿಟಕಿಯಾಚೆ ಬಹಳ ಮುಖ್ಯವಾದದ್ದೇನೋ ಕಂಡವನಂತೆ ಮುಖ ಹೊರಳಿಸುತ್ತಿದ್ದ. ಕಿಟಕಿಯಾಚೆ ತೊಗರಿ ಹೊಲ ಬಿಟ್ಟರೆ ಏನೂ ಇರಲಿಲ್ಲ. ತೆಲಸಂಗದಿಂದ ಅಥಣಿಯವರೆಗೆ ತೊಗರಿಯನ್ನೇ ನೋಡುತ್ತ ಹೋಗುವ ಮನುಷ್ಯನ ಮನಸ್ಸಿನಲ್ಲಿ ಏನೋ ಇದೆ ಎಂದು ಯಾರಿಗಾದರೂ ತಿಳಿಯುತ್ತದೆ, ಗುರಪ್ಪ ಕಾಕಾನಿಗಂತೂ ತಿಳಿಯದೆ ಇರುತ್ತದೆಯೇ ಎಂದುಕೊಂಡ. ತಿಳಿದಿದ್ದರೆ ಒಮ್ಮೆ ಅಂದುಬಿಡಬಾರದೇ? ಮುದುಕ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದ. ಭೀಮಸಿಯ ತೊಡೆಯ ಮೇಲೆ ಹಳೆಯ ಚಾದರದಲ್ಲಿ ಕಟ್ಟಿದ, ಕುದುರೆಯ ಹೊಸ ಜೀನು ಇತ್ತು. ಕಾಕಾನ ಕಾಲುಗಳ ನಡುವೆ ಗೋಣಿಚೀಲದಲ್ಲಿ ಹಳೆಯ ಜೀನು. ಹಳೆಯದರ ಒಳಗಿನ ಕಟ್ಟಿಗೆಯನ್ನು ಹುಳ ತಿಂದು ಅದು ಬಿರುಕು ಬಿಟ್ಟಿತೆಂದು ಹೊಸದು ತಂದಿದ್ದರು. ಹೊಸದು ತಂದ ತಿಂಗಳಲ್ಲೇ ಹೊಟ್ಟೆಯಡಿ ಬಿಗಿಯುವ ತೊಗಲಿನ ಪಟ್ಟಿ ಹರಿದುಹೋಗಿತ್ತು. ಮಾರಿದ ಸಂಭಾಜಿ ಫೋನಿನಲ್ಲಿ, ಎರಡನ್ನೂ ತನ್ನಿ, ಅಳತೆಗೆ ಹಳೆಯದು ಬೇಕು ಎಂದಿದ್ದ. ಹರಿದದ್ದು ಹೇಗೆ ಎಂದು ಮಾತ್ರ ಅವನು ಇನ್ನೂ ಕೇಳಿರಲಿಲ್ಲ. ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆ ಅಥಣಿಯ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ತನಗಾಗಿ ಕಾಯುತ್ತ ಕೂತಿದೆ ಎಂದು ಭೀಮಸಿಗೆ ಅನ್ನಿಸುತ್ತಿತ್ತು.

ಊರಿನ ಗುಡ್ಡದ ಸಿದ್ದನಿಗೆ ಒಂದು ಬಿಳಿ ಕುದುರೆ. ಅಮಾವಾಸ್ಯೆಗೊಮ್ಮೆ ಅದರ ಮೇಲೆ ಜೀನು ಹಾಕಿ, ಗುಡ್ಡದ ಬುಡದಿಂದ ಹೊರಡಿಸಿ, ಊರೆಲ್ಲ ಸುತ್ತಿಸಿ ಮತ್ತೆ ಗುಡ್ಡಕ್ಕೆ ಬಿಡುತ್ತಾರೆ. ಜೀನಿನ ಮೇಲೆ ಯಾರೂ ಕೂರುವುದಿಲ್ಲ. ಜನ ಅಂಗಳಕ್ಕೆ ಬಂದು ಆ ಖಾಲಿ ಜೀನಿಗೇ ಕೈ ಮುಗಿಯುತ್ತಾರೆ, ಕುದುರೆಯ ಕಾಲಿಗೆ ನೀರು ಹಾಕುತ್ತಾರೆ. ಲಗಾಮು ಹಿಡಿದು ಮುಂದೆ ನಡೆಯುವ ಸೇವೆ ಭೀಮಸಿಯ ಮನೆತನದ್ದು. ಲಗಾಮು ಹಿಡಿದವನು ಕುದುರೆ ಹತ್ತಿದನೆಂದರೆ ಮುಗಿಯಿತು, ಆ ಸೇವೆ ಇನ್ನೊಂದು ಮನೆಗೆ ಹೋಗುತ್ತದೆ. ಇನ್ನೊಂದು ಮನೆ ಯಾವುದೆಂದು ಹುಡುಕಬೇಕಾಗಿಯೂ ಇರಲಿಲ್ಲ. ಚಿಕ್ಕಪ್ಪನ ಮಗ ಬಾಳು ಈಗಾಗಲೇ ಅಮಾವಾಸ್ಯೆಯ ದಿನ ಹೊಸ ರುಮಾಲು ಸುತ್ತಿಕೊಂಡು ಕುದುರೆಯ ಹಿಂದೆ ಹಿಂದೆಯೇ ನಡೆಯುತ್ತಿದ್ದ. ಭೀಮಸಿಗೆ ಇದ್ದದ್ದು ಒಂದಿಷ್ಟು ಹೊಲ, ಕೆಲವು ಕುರಿ, ಊರಲ್ಲಿ ಯಾರೂ ಕೇಳದ ಮಾತು. ಆದರೆ ಅಮಾವಾಸ್ಯೆಯ ದಿನ ಸಾಹುಕಾರರ ಮನೆಯವರೂ ಅವನಿಗೆ ದಾರಿ ಬಿಡುತ್ತಿದ್ದರು. ಕೈ ಮುಗಿಯುವುದು ಸಿದ್ದನಿಗೆ ಎಂದು ಅವನಿಗೆ ಗೊತ್ತಿತ್ತು, ಆದರೂ ಆ ನಮಸ್ಕಾರದ ಅಂಚು ಒಂಚೂರು ತನ್ನ ಹೆಗಲಿಗೂ ತಾಗುತ್ತದೆ ಎಂದು ಒಳಗೊಳಗೇ ನಂಬಿದ್ದ. ಅಪ್ಪ ಕಾಮಣ್ಣನೂ ನಂಬಿದ್ದಿರಬೇಕು. ಹುಟ್ಟಿನಿಂದಲೇ ಎಡಗಾಲು ಗಿಡ್ಡವಾಗಿದ್ದ ಅಪ್ಪ ಊರ ಸುತ್ತ ಕುಂಟುತ್ತಲೇ ಲಗಾಮು ಹಿಡಿದು ನಡೆಯುತ್ತಿದ್ದ. ಆ ದಿನ ಮಾತ್ರ ಅವನನ್ನು ಯಾರೂ ಕುಂಟ ಎನ್ನುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಭೀಮಸಿ ಒಮ್ಮೆ ಆಟಕ್ಕೆಂದು ರಿಕೀಬಿನಲ್ಲಿ, ಸವಾರ ಕಾಲಿಡುವ ಆ ಕಬ್ಬಿಣದ ಬಳೆಯಲ್ಲಿ, ಹೆಬ್ಬೆರಳು ತೂರಿಸಿದ್ದನ್ನು ಕಂಡು ಅಪ್ಪ ಕೆನ್ನೆಗೆ ಬಾರಿಸಿದ್ದ. ಆ ಏಟು ಈ ವಯಸ್ಸಿನಲ್ಲೂ ನೆನಪಾದರೆ ಬಿಸಿ ಬಿಸಿ.

"ಮುತ್ಯಾ, ಇದಕ್ಕ ಲಗೇಜ ತಗಸಬೇಕಾಕ್ಕೈತಿ ನೋಡ್ರಿ. ಏನೈತಿ ಚೀಲದಾಗ?" ಕಂಡಕ್ಟರ್ ಬಂದು ನಿಂತಿದ್ದ.

"ಸಿದ್ದನ ಜೀನ," ಎಂದ ಗುರಪ್ಪ ಕಾಕಾ.

ಕಂಡಕ್ಟರ್ ಹಣೆಗೆ ಕೈ ಮುಟ್ಟಿಸಿಕೊಂಡು ಮುಂದೆ ಹೋದ. ಆದರೆ ಮುಂದಿನ ಸೀಟಿನ ಹೆಂಗಸು ಪೂರ್ತಿ ತಿರುಗಿ ಕೂತಳು. "ಸಿದ್ದ ಕುಂತು ಹರದ ಜೀನ ಇದ ಏನ್ರಿ?" ಸುದ್ದಿ ಬಸ್ಸಿಗಿಂತ ಮುಂದೆ ಓಡುತ್ತಿತ್ತು. ಅವಳು ಕೈ ಚಾಚಿ ಚಾದರದ ಅಂಚಿನಿಂದ ಇಣುಕುತ್ತಿದ್ದ ಹರಿದ ಪಟ್ಟಿಯನ್ನು ಎಳೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. "ನನ್ನ ಮಗಳಿಗೊಂದ ಚಲೋ ಮನಿ ಕೂಡಿ ಬರ್ಲಿ ಯಪ್ಪಾ," ಅಂದಳು. ಭೀಮಸಿಯ ಕಿವಿ ಕಾದವು. ಗೊತ್ತಿಲ್ಲದ ಯಾವುದೋ ಹುಡುಗಿಯ ಲಗ್ನ ಈಗ ತನ್ನ ತೂಕದ ಮೇಲೆ ನಿಂತಿದೆ ಎಂದು ಅವನಿಗೆ ಹೊಳೆಯಿತು, ಮತ್ತು ಆ ಹುಡುಗಿಗೆ ಒಳ್ಳೆಯ ಮನೆಯೇ ಸಿಗಲಿ ಎಂದು ಅವನೂ ಮನಸ್ಸಿನಲ್ಲೇ ಬೇಡಿಕೊಂಡ. ಯಾರಿಗೆ ಬೇಡಿಕೊಂಡನೋ ಅವನಿಗೇ ತಿಳಿಯಲಿಲ್ಲ.

ಏರಬೇಕೆಂದು ಏರಿದ್ದಲ್ಲ. ಇದನ್ನು ಅವನು ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದನೆಂದರೆ ಈಗ ಅದು ಬೇರೆ ಯಾರೋ ಹೇಳುವ ನೆಪದಂತೆ ಕೇಳುತ್ತಿತ್ತು. ಬೆಳಗಿನ ಜಾವ ಕುದುರೆಗೆ ಹಳ್ಳದಲ್ಲಿ ಮೈ ತೊಳೆದು, ಹೊಸ ಜೀನು ರೂಢಿಯಾಗಲಿ ಎಂದು ಬೆನ್ನಿಗೆ ಕಟ್ಟಿ, ಗುಡ್ಡದ ಬುಡದ ದಾರಿಯಲ್ಲಿ ಬರುತ್ತಿದ್ದ. ದಾರಿಯ ಒಂದು ಮಗ್ಗುಲಿಗೆ ಆಳೆತ್ತರದ ಕಳ್ಳಿಬೇಲಿ. ಹೊಸ ತೊಗಲಿನ ವಾಸನೆ ಬರುತ್ತಿತ್ತು. ಈ ಕುದುರೆಗಿಂತ ಮೊದಲು ಇದರ ತಾಯಿಯನ್ನೂ ಅವನು ಹೀಗೇ ನಡೆಸಿಕೊಂಡು ಬಂದವನು, ಯಾವಾಗಲೂ ಕುದುರೆಯ ಎಡಹೆಗಲಿನ ಪಕ್ಕ. ಜಗತ್ತೆಂದರೆ ಅವನಿಗೆ ಒಂದು ಬಿಳಿ ಕತ್ತು, ಒಂದು ಕಿವಿ, ಅದರಾಚೆ ಕಳ್ಳಿ. ಬೇಲಿಯಾಚೆ ಏನಿದೆ ಎಂದು ಕೇಳಿದರೆ ಊರಿದೆ ಎನ್ನುತ್ತಿದ್ದ, ನೋಡಿರಲಿಲ್ಲ. ದಾರಿಯಲ್ಲಿ ಒಂದು ಕಲ್ಲಿತ್ತು. ಆ ಕಲ್ಲು ದಿನಾ ಇತ್ತು. ಅವತ್ತು ಅವನು ಅದರ ಮೇಲೆ ನಿಂತ, ಯಾಕೆ ನಿಂತನೋ, ನಿಂತ ಮೇಲೆ ಎಡಗಾಲು ತಾನಾಗಿ ರಿಕೀಬಿನೊಳಗೆ ಹೋಯಿತು, ಮೊಣಕಾಲಿಗೆ ಅಷ್ಟು ವಯಸ್ಸಾಗಿದೆ ಎಂಬುದನ್ನು ಮೊಣಕಾಲೇ ಮರೆಯಿತು. ಕಳ್ಳಿಯ ತುದಿ ಅವನ ಎದೆಗೆ ಬಂತು. ಊರು ಕಂಡಿತು. ಎಲ್ಲ ಮಣ್ಣಿನ ಮಾಳಿಗೆಗಳು, ಅವುಗಳ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ, ಹಪ್ಪಳದ ಚಾಪೆ, ಮುರಿದ ಮಂಚ. ತನ್ನದೇ ಮನೆಯ ಮಾಳಿಗೆ. ಅದರ ಮೂಲೆಯಲ್ಲಿ ಎರಡು ಕುಂಬಳಕಾಯಿ. ಹೆಂಡತಿ ಸಕ್ಕುಬಾಯಿ ಹಿಂದಿನ ದಿನವಷ್ಟೇ ಕುಂಬಳಕಾಯಿ ಮುಗಿದುವೆಂದು ಹೇಳಿದ್ದಳು. ನಿಚ್ಚಣಿಕೆ ಕಂಡರೆ ತಲೆ ತಿರುಗುವ ಗಂಡ ಮಾಳಿಗೆ ಹತ್ತುವುದಿಲ್ಲ ಎಂಬ ಧೈರ್ಯ ಅವಳಿಗೆ. ತವರಿನಿಂದ ಬರುವ ತಮ್ಮನಿಗೆಂದು ಇಟ್ಟಿರಬೇಕು. ಭೀಮಸಿಗೆ ನಗು ಬಂತು. ಗಟ್ಟಿಯಾಗಿ ನಕ್ಕ. ಹಾಗೆ ನಕ್ಕು ವರ್ಷಗಳೇ ಆಗಿದ್ದವು. ಆಮೇಲೆ ಗುರಪ್ಪ ಕಾಕಾನ ಮಾಳಿಗೆ ಕಂಡಿತು, ಅದರ ಮೇಲೆ ಒಂದು ಕಂಬಳಿ, ಕಂಬಳಿಯೊಳಗೆ ಮನುಷ್ಯ ಮಲಗಿದಷ್ಟು ಉಬ್ಬು. ಕಂಬಳಿ ಅಲುಗಿತೇ? ನಗು ನಿಂತಿತು. ಅದೇ ಹೊತ್ತಿಗೆ ಹೊಟ್ಟೆಯಡಿಯ ಪಟ್ಟಿ ಪಟ್ಟನೆ ಹರಿದು, ಜೀನಿನ ಸಮೇತ ಅವನು ಎಡಮಗ್ಗುಲಾಗಿ ನೆಲಕ್ಕೆ ಬಂದ. ಕುದುರೆ ಒಮ್ಮೆ ತಿರುಗಿ ನೋಡಿ ಗರಿಕೆ ಮೇಯತೊಡಗಿತು.

ಅದಾದ ಮೇಲಿನದು ಇನ್ನೂ ಕೆಟ್ಟದ್ದು. ಹರಿದ ಜೀನು ಹೊತ್ತುಕೊಂಡು ಊರೊಳಗೆ ಬಂದಾಗ ನೀರಿನ ಟಾಕಿಯ ಹತ್ತಿರ ನಾಲ್ಕು ಮಂದಿಯಿದ್ದರು, ಗುರಪ್ಪ ಕಾಕಾನೂ ಇದ್ದ, ಚೊಂಬು ಹಿಡಿದುಕೊಂಡು. ಏನಾತು ಅಂದ. ಹರೀತು ಅಂದ ಭೀಮಸಿ. ಹೆಂಗ ಹರೀತು, ಯಾರ ಕುಂತಿದ್ರು ಅಂದ. ಭೀಮಸಿ ಬಾಯಿ ತೆರೆದದ್ದು ನಿಜ. 'ನಾ' ಎಂಬ ಅಕ್ಷರ ನಾಲಿಗೆಯ ತುದಿಯಲ್ಲಿತ್ತು ಎಂಬುದೂ ನಿಜ, ಹಾಗೆಂದು ಅವನು ಆಣೆ ಮಾಡಬಲ್ಲ. ಆದರೆ ಆ ಅಕ್ಷರ ಹೊರಬೀಳುವ ಮೊದಲು ಕಾಕಾ ಗುಡ್ಡದ ಕಡೆ ನೋಡಿ, "ಹಂಗಾರ ಅಂವನ ಕುಂತಿರಬೇಕ," ಎಂದುಬಿಟ್ಟ. ಕೊಡ ಹಿಡಿದ ಹೆಂಗಸು ಕೊಡ ಇಳಿಸಿ ಕೈ ಮುಗಿದಳು. ತೆರೆದ ಬಾಯನ್ನು ಭೀಮಸಿ ಮುಚ್ಚಿದ. ಮಾಡಿದ್ದು ಅಷ್ಟೇ, ಬಾಯಿ ಮುಚ್ಚಿದ್ದು. ಬಿಸಿಲೇರುವ ಹೊತ್ತಿಗೆ ಜೀನಿನ ಮುಂದೆ ಕಾಯಿ ಒಡೆದಿದ್ದರು, ಹರಿದ ಪಟ್ಟಿಗೆ ಕುಂಕುಮ ಹಚ್ಚಿದ್ದರು. ಬಾಳು ಕೂಡ ಬಂದು ಅಡ್ಡಬಿದ್ದು ಹೋದ. ಬಾಳು ಅಡ್ಡಬಿದ್ದದ್ದು ನೋಡಿ ಖುಷಿಯಾದದ್ದಕ್ಕೆ ಭೀಮಸಿಗೆ ಇನ್ನಷ್ಟು ನಾಚಿಕೆಯಾಯಿತು. ಸಂಜೆ ಸಕ್ಕುಬಾಯಿ ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಕೂತಳು. ಆಮೇಲೆ, "ಕುದರಿ ಹತ್ತಿದಾಂವ ಸಿದ್ದ. ನೋವ ನಿಮಗ್ಯಾಕ ಬಂತ್ರಿ?" ಅಂದಳು. "ಸೇವಾ ಮಾಡವ್ರಿಗೆ ಇರ್ತೈತಿ," ಎಂದು ದಿಂಬಿನೊಳಗೆ ಗೊಣಗಿದ. ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ತಿಕ್ಕತೊಡಗಿತು, ಸ್ವಲ್ಪ ಜೋರಾಗಿಯೇ. ಊಟಕ್ಕೆ ಬರೀ ಕಡಲೆಹಿಟ್ಟಿನ ಜುಣಕ. ಕುಂಬಳಕಾಯಿ ಎಲ್ಲಿ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಎಲ್ಲಿಂದ ನೋಡಿದಿರಿ ಎನ್ನುತ್ತಾಳೆ. ತನ್ನ ಮನೆಯ ಕುಂಬಳಕಾಯಿಯನ್ನು ತಾನೇ ಕೇಳಲಾರದ ಸ್ಥಿತಿಗೆ ಬಂದೆನಲ್ಲ ಎಂದು ಅವನು ರೊಟ್ಟಿ ಮುರಿದ.

ಸಂಭಾಜಿಯ ಅಂಗಡಿ ಅಥಣಿಯ ಸಂದಿಯೊಂದರಲ್ಲಿತ್ತು. ಎತ್ತಿನ ಕೊರಳ ಗೆಜ್ಜೆ, ಹಣೆಪಟ್ಟಿ, ಬಣ್ಣದ ಹಗ್ಗ, ಓಟದ ಶರ್ಯತ್ತಿನ ಗಾಡಿಯವರಿಗೆ ಬೇಕಾದ ಸಾಮಾನು, ಮದುವೆಯ ಕುದುರೆಗೆ ಹೊದಿಸುವ ಮಿಂಚಿನ ಬಟ್ಟೆ, ಎಲ್ಲ ಒಂದರ ಮೇಲೊಂದು. "ಯಾ ಕಾಕಾ, ಬಸಾ ಬಸಾ," ಎಂದು ಮರಾಠಿಯಲ್ಲಿ ಕರೆದು ಅವನು ಗುರಪ್ಪ ಕಾಕಾನಿಗೆ ಸ್ಟೂಲು ಕೊಟ್ಟು, ಭೀಮಸಿಗೂ ಕೊಟ್ಟ. ಭೀಮಸಿ ಒಲ್ಲೆ ಎಂದ. ಆ ಸ್ಟೂಲಿನ ಮೇಲೆ ಕೂತರೆ ಮುಖ ಕಿವುಚದೆ ಏಳುವ ಭರವಸೆ ಅವನಿಗಿರಲಿಲ್ಲ. ಸಂಭಾಜಿ ಚಾದರ ಬಿಚ್ಚಿ, ಕುಂಕುಮ ಹತ್ತಿದ ಪಟ್ಟಿಯನ್ನು ಬೆಳಕಿಗೆ ಹಿಡಿದ. ಹರಿದ ಬಾಯಿಯಿಂದ ಒಳಗಿನದು ಕಾಣುತ್ತಿತ್ತು. ಮೇಲೊಂದು ಕೆಳಗೊಂದು ತೆಳ್ಳನೆಯ ತೊಗಲು, ನಡುವೆ ಬರೀ ರಟ್ಟು. ಮಕ್ಕಳ ಪಾಟಿಚೀಲಕ್ಕೂ ಹಾಕಲಾರದಂಥ ರಟ್ಟು. ಭೀಮಸಿಗೆ ಸಿಟ್ಟು ಬಂತು, ಬರಬೇಕಾದ ಸಿಟ್ಟೇ. ಊರೆಲ್ಲ ಚಂದಾ ಎತ್ತಿ ತಂದ ಜೀನು. ಇವನ ಕೊರಳಪಟ್ಟಿ ಹಿಡಿದು ಕೇಳಬೇಕು, ಮಂದಿ ಸೇರಿಸಬೇಕು. ಆದರೆ ಸಿಟ್ಟು ಬಾಯಿಯವರೆಗೆ ಬಂದು ಅಲ್ಲಿ ಮೊದಲೇ ಕೂತಿದ್ದ ಇನ್ನೊಂದು ಮಾತನ್ನು ಕಂಡು ಹಿಂದೆ ಸರಿಯಿತು. ಮೋಸ ಹೋದವನಿಗೆ ಒದರಾಡುವ ಹಕ್ಕಾದರೂ ಇರುತ್ತದೆ. ಅವನಿಗೆ ಅದೂ ಇರಲಿಲ್ಲ.

"ಇದರಾಗ ರಟ್ಟ ಐತಲ್ರಿ," ಎಂದ ಮೆಲ್ಲಗೆ, ತಾನೇ ತುರುಕಿದವನ ಹಾಗೆ.

"ಐತ್ರಿ. ನಾ ಎಲ್ಲಿ ಇಲ್ಲ ಅಂದೆ?" ಸಂಭಾಜಿ ಒಂದಿಷ್ಟೂ ನಾಚಲಿಲ್ಲ. "ತಗೊಳ್ಳು ಮುಂದ ನಾ ನಿಮ್ಮನ್ನ ಏನ ಕೇಳಿದ್ನಿ, ನೆನಪ ಮಾಡ್ಕೊರಿ. ಕೂಡಾಂವ ಯಾರು, ಮೈಯಾಗ ಹೆಂಗದಾನ, ಅಂತ ಕೇಳಿದ್ನಿ. ನೀವೇನ ಹೇಳಿದ್ರಿ?"

ಭೀಮಸಿಗೆ ನೆನಪಿತ್ತು. ಎದೆ ಉಬ್ಬಿಸಿ ಹೇಳಿದ್ದ: ಇದರ ಮ್ಯಾಲ ಯಾರೂ ಕೂಡೂದಿಲ್ರಿ, ಇದು ದೇವರ ಕುದರಿ. ಆ ಮಾತಿಗೆ ಸಂಭಾಜಿ ಕೈಯಲ್ಲಿದ್ದ ಜೀನನ್ನು ಕೆಳಗಿಟ್ಟು, ಮೇಲಿನ ಹಲಗೆಯಿಂದ ಇನ್ನೂ ಹೊಳೆಯುವ ಇನ್ನೊಂದನ್ನು ಇಳಿಸಿದ್ದ. ದೇವರೆಂದ ಕೂಡಲೇ ಚಂದದ್ದು ತೆಗೆದ, ಭಕ್ತಿ ಇರುವ ಮನುಷ್ಯ ಎಂದು ಭೀಮಸಿ ಊರಿಗೆ ಬಂದು ಹೊಗಳಿಯೂ ಇದ್ದ.

"ಇದು ಮೆರವಣಿಗಿ ಜೀನ್ರಿ. ನೋಡಾಕ. ಯಾರೂ ಕೂಡದಂಥಾದ್ದಕ್ಕ ಯಾರೂ ಕೂಡದಂಥಾದ್ದ ಕೊಟ್ಟೆ," ಎಂದ ಸಂಭಾಜಿ. ಆಮೇಲೆ ಹರಿದ ಪಟ್ಟಿಯನ್ನೊಮ್ಮೆ, ಭೀಮಸಿಯನ್ನೊಮ್ಮೆ ನೋಡಿದ. "ಈಗ ನೀವ ಹೇಳ್ರಿ. ಇದು ತಾನಾಗೆ ಹರಿಯೂದಲ್ಲ. ಯಾರ ಕುಂತಿದ್ರು?"

ಬಂತು. ಬಸ್ಸಿನುದ್ದಕ್ಕೂ ಕಾದದ್ದು ಬಂತು. ಹೊರಗೆ ಒಂದು ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಯಿತು, ಆ ಹಾಡು ಮುಗಿಯುವವರೆಗೆ ಉತ್ತರ ಹೇಳಬೇಕಿಲ್ಲ ಎಂದು ಭೀಮಸಿ ಸುಮ್ಮನೆ ನಿಂತ. ಹಾಡು ದೂರವಾಯಿತು. "ಅದು..." ಎಂದ.

"ಸಂಭಾಜಿ," ಎಂದ ಗುರಪ್ಪ ಕಾಕಾ, ಎಲೆಯ ರಸವನ್ನು ಹೊರಗೆ ಉಗಿದು ಬಂದು. "ಯಾರೂ ಕೂಡೂದಿಲ್ಲ ಅಂದ್ರ ಮನಷ್ಯಾರು ಕೂಡೂದಿಲ್ಲ ಅಂತ. ಸಿದ್ದ ಕೂಡೂದಿಲ್ಲ ಅಂತ ನಿನಗ ಯಾರ ಹೇಳಿದ್ರಪಾ? ಅಂವ ಕೂಡ್ಲಿ ಅಂತನ ಅಲ್ಲೇನು ಜೀನ ಹಾಕೂದು? ಅಂವ ಕುಂತಾಗ ಕಿತ್ತು ಬೀಳೂ ಅಂಥಾದ್ದ ಕೊಟ್ಟೀಯಲ್ಲ, ನಿನ್ನ ಅಂಗಡಿಗೆ ಚಲೋ ಆಕ್ಕೈತೇನು?"

ಸಂಭಾಜಿ ಯೋಚಿಸಿದ. ದೇವರು ಕೂರುವುದಿಲ್ಲ ಎಂದು ವಾದಿಸುವ ವ್ಯಾಪಾರಿ ಅಥಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಎರಡೂ ಕಿವಿ ಮುಟ್ಟಿಕೊಂಡು, "ಚುಕಲೋ ಕಾಕಾ, ತಪ್ಪಾತ್ರಿ," ಎಂದು ಒಳಕ್ಕೆ ಹೋಗಿ, ಮಂಕು ಬಣ್ಣದ, ದಪ್ಪ ತೊಗಲಿನ ಜೀನೊಂದನ್ನು ಹೊತ್ತು ತಂದು, ಮೂಲೆಯಲ್ಲಿದ್ದ ಕಟ್ಟಿಗೆಯ ಕುದುರೆಯ ಮೇಲೆ ಬಿಗಿದ. ತಲೆಯಿಲ್ಲದ ನಾಲ್ಕು ಕಾಲಿನ ಕುದುರೆ ಅದು. "ಈ ಸಲ ಮಾತ ಬ್ಯಾಡ. ಒಬ್ರು ಕುಂತ ನೋಡ್ರಿ, ನನ್ನ ಮುಂದ."

"ಭೀಮಸಿ, ಹತ್ತು," ಎಂದ ಕಾಕಾ.

"ನಾ ಬ್ಯಾಡ್ರಿ ಕಾಕಾ. ದೇವರದು..."

"ಕುದರಿ ಬೆನ್ನಿಗೆ ಹೋಗೂತನಕ ಅದು ಬರೇ ತೊಗಲು. ಹತ್ತಲೇ."

ಹತ್ತಿದ. ಕದ್ದು ಹತ್ತಿದಾಗ ಅಷ್ಟು ಹಗುರವಾಗಿದ್ದ ಕಾಲು ಈಗ ಹೇಳಿಸಿಕೊಂಡು ಹತ್ತುವಾಗ ಕಲ್ಲಾಗಿತ್ತು. ಎಡಸೊಂಟ ಚುಳುಕ್ಕೆಂದು, "ಯವ್ವಾ" ಎಂಬುದು ಬಾಯಿಂದ ಜಾರಿತು. ಅದನ್ನು ಕೆಮ್ಮನ್ನಾಗಿ ಮಾಡಲು ನೋಡಿದ, ಆಗಲಿಲ್ಲ. ಮೇಲೆ ಕೂತ ಮೇಲೆ ಸಂಭಾಜಿಯ ಬೋಳು ನೆತ್ತಿ, ಗುರಪ್ಪ ಕಾಕಾನ ರುಮಾಲಿನ ಗಂಟು ಕಂಡವು. ಪಟ್ಟಿ ಮಿಸುಕಲಿಲ್ಲ. ಸಂಭಾಜಿ ಗೋಣಿಚೀಲದಿಂದ ಹಳೆಯ ಜೀನನ್ನು ತೆಗೆದು ಪಕ್ಕದಲ್ಲಿ ಹಿಡಿದು ಅಳತೆ ನೋಡತೊಡಗಿದ. ಕೂರುವ ಜಾಗ ಸವೆದು ಕನ್ನಡಿಯಾಗಿತ್ತು. ಅದು ಸಿದ್ದನ ಮಹಿಮೆ ಎಂದು ಊರೆಲ್ಲ ಹೇಳುವುದು ಭೀಮಸಿಗೆ ಗೊತ್ತಿತ್ತು. ವರುಷವರುಷ ಅದಕ್ಕೆ ಎಣ್ಣೆ ಹಚ್ಚಿದವನೇ ಅವನು.

"ರಿಕೀಬು ಹಳೇದರಂಗ ಕಟ್ಟಲಿ ಏನ್ರಿ?" ಎಂದ ಸಂಭಾಜಿ. "ಇದರಾಗ ಎಡಗಡೀದು ಭಾಳ ಮ್ಯಾಲ ಐತಿ ನೋಡ್ರಿ. ಬಲಗಡೀದು ಇಷ್ಟ ಕೆಳಗ. ಅದೂ ಆ ತೂತಿನಾಗ ಬಕ್ಕಲ ಕುಂತು ಕುಂತು ತೂತ ಜಗ್ಗೇತಿ. ಎಡಗಾಲ ಗಿಡ್ಡ ಇದ್ದವ್ರು ಯಾರರ ಹತ್ತತಿದ್ರೇನು?"

ಭೀಮಸಿ ಮೇಲಿನಿಂದ ಆ ಜಗ್ಗಿದ ತೂತನ್ನು ನೋಡಿದ. ಎಷ್ಟೋ ಸಲ ಅವನ ಎಣ್ಣೆಯ ಬೆರಳು ಅದರ ಮೇಲೆ ಹಾದುಹೋಗಿತ್ತು. ಅಪ್ಪ ಹಾಗೆ ಬಿಟ್ಟಿದ್ದಾನೆ, ಹಾಗೇ ಇರಲಿ ಎಂದು ಬಿಟ್ಟಿದ್ದ. ಒಂದು ದಿನ ಹತ್ತಿದರೆ ತೊಗಲಿನ ತೂತು ಹಾಗೆ ಜಗ್ಗುವುದಿಲ್ಲ. ವರ್ಷಾನುಗಟ್ಟಲೆ, ಬೆಳಗಿನ ಜಾವ, ಕಳ್ಳಿಬೇಲಿಯ ದಾರಿ. ಆ ಕಲ್ಲು. ಆ ಕಲ್ಲನ್ನು ಅಲ್ಲಿ ಇಟ್ಟವರಾದರೂ ಯಾರು? ಮೊದಲು ಅವನ ಕೆನ್ನೆ ಬಿಸಿಯಾಯಿತು. ಹೆಬ್ಬೆರಳಷ್ಟೇ ತೂರಿಸಿದ ಮಗನಿಗೆ ಬಾರಿಸಿದ್ದ ಕಳ್ಳ ಮುದುಕ. ಆಮೇಲೆ ಊರ ತುಂಬ ಕುಂಟ ಎನ್ನಿಸಿಕೊಂಡ ಮನುಷ್ಯ ಅಲ್ಲಿ ಮೇಲೆ ಕೂತು, ಎರಡೂ ಕಾಲನ್ನು ರಿಕೀಬಿನಲ್ಲಿ ಸಮನಾಗಿ ಊರಿ, ಎಲ್ಲರ ಮಾಳಿಗೆ ನೋಡುತ್ತ ಹೋಗುವುದು ಕಣ್ಣಿಗೆ ಕಟ್ಟಿತು. ಅವನೂ ನಕ್ಕಿರಬೇಕು. ಬದುಕಿದ್ದಾಗ ಯಾವತ್ತೂ ಬಾರದಷ್ಟು ಪ್ರೀತಿ ಅಪ್ಪನ ಮೇಲೆ ಈಗ ಬಂತು, ಕಟ್ಟಿಗೆಯ ಕುದುರೆಯ ಮೇಲೆ ಕೂತಾಗ, ಕಣ್ಣೊರೆಸಿಕೊಳ್ಳಲು ರುಮಾಲೂ ಇಲ್ಲದ ಹೊತ್ತಿನಲ್ಲಿ.

ಗುರಪ್ಪ ಕಾಕಾ ಎದ್ದು ಬಂದು ಹಳೆಯ ಜೀನಿನ ಆ ತೂತಿಗೆ ಬೆರಳು ಹಚ್ಚಿ ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. "ಹಳೇದರಂಗನ ಕಟ್ಟಪಾ. ಸಿದ್ದಗ ಹಂಗ ರೂಢಿ ಐತಿ," ಎಂದ.

ಅಲ್ಲಿಗೇ ಮುಗಿಸಬಹುದಿತ್ತು. ಹೂಂ ಎಂದು ಇಳಿದು ಬಂದರೆ ಸೇವೆ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಬಾಳು ಅಡ್ಡಬೀಳುವುದೂ ಉಳಿಯುತ್ತಿತ್ತು. ಭೀಮಸಿ ತನ್ನ ಎರಡು ಕಾಲುಗಳನ್ನು ನೋಡಿಕೊಂಡ. ಎರಡೂ ಒಂದೇ ಉದ್ದ ಜೋಲುತ್ತಿದ್ದವು.

"ಬ್ಯಾಡ್ರಿ," ಎಂದ. "ಎರಡೂ ಸಮ ಕಟ್ರಿ."

ಸಂಭಾಜಿ ಕಾಕಾನತ್ತ ನೋಡಿದ. ಕಾಕಾ ಭೀಮಸಿಯತ್ತ ನೋಡಿದ, ಬಸ್ಸಿನಲ್ಲಿ ನೋಡಿದ ಹಾಗೆಯೇ, ಆದರೆ ಭೀಮಸಿ ಈ ಸಲ ಮುಖ ಹೊರಳಿಸಲಿಲ್ಲ. ಹೊರಳಿಸಿದರೆ ನೋಡಲು ಅಲ್ಲಿ ತೊಗರಿಯೂ ಇರಲಿಲ್ಲ.

"ಸಮ ಕಟ್ಟು," ಎಂದ ಗುರಪ್ಪ ಕಾಕಾ ಸಂಭಾಜಿಗೆ, ತಂಬಾಕಿನ ಚೀಲ ಬಿಚ್ಚುತ್ತ. "ಸಿದ್ದನ ಕಾಲು ಈಗ ನೆಟ್ಟಗಾಗ್ಯಾವಂತ. ಪಟ್ಟಿ ಮಾತ್ರ ಗಟ್ಟಿ ಇರ್ಲಿ. ಅಂವಗೂ ವಯಸ್ಸಾತು, ಬಿದ್ರ ಭಾಳ ದಿನ ಕುಂಟ್ತಾನ."

ಹೊರಗೆ ಬಿಸಿಲಿತ್ತು. ಹೊಸ ಜೀನು ಹೊತ್ತು ಭೀಮಸಿ ಕುಂಟಿದ, ಮುಚ್ಚಿಡದೆ ಕುಂಟಿದ, ಮತ್ತು ಕಾಕಾ ಅವನ ನಡಿಗೆಗೆ ಸರಿಯಾಗಿ ನಿಧಾನವಾಗಿ ನಡೆದ. ಲಗಾಮಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾಕಾ, ಬರುವ ಅಮಾವಾಸ್ಯೆಗೆ ಕುದುರೆಯ ಮೈ ಚೆನ್ನಾಗಿ ತೊಳೆ, ಹೋದ ಸಲ ಹೊಟ್ಟೆಗೆ ಕೆಸರು ಹತ್ತಿತ್ತು ಎಂದು ಬೈದ. ಅಷ್ಟರಲ್ಲಿ ಭೀಮಸಿಯ ಫೋನು ರಿಂಗಣಿಸಿತು. ಸಕ್ಕುಬಾಯಿ.

"ಯಾವಾಗ ಬರ್ತೀರಿ? ರಾತ್ರಿಗೆ ಪಲ್ಯಾ ಏನ ಮಾಡ್ಲಿ? ಮನ್ಯಾಗ ಏನೂ ಇಲ್ಲ ನೋಡ್ರಿ."

ಭೀಮಸಿ ಜೀನನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಮಾಳಗಿ ಮ್ಯಾಲ ಮೂಲ್ಯಾಗ ಎರಡ ಕುಂಬಳಕಾಯಿ ಅದಾವಲ್ಲ," ಎಂದ. "ಒಂದ ಕೊಯ್ಯಿ. ಇನ್ನೊಂದ ನಿನ್ನ ತಮ್ಮಗ ಇರ್ಲಿ."

ಆ ಕಡೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅವಳು ಕೇಳಿದಳು, "ನೀವು ಎಲ್ಲಿಂದ ನೋಡಿದ್ರಿ?"

"ಮ್ಯಾಲಿಂದ," ಎಂದ ಭೀಮಸಿ.